ಪಾಸ್‌ಪೋರ್ಟಿಗೆ ಇಟ್ಟ ಕುಂಕುಮ

ಕೆನಡಾದಲ್ಲಿದ್ದ ಅಕ್ಕನಿಗೆ ಹೆಚ್ಚೆಂದರೆ ಒಂದು ವಾರ ಎಂದು ಡಾಕ್ಟರು ಹೇಳಿದ ದಿನ ನಾನು ರಜೆಯ ಮೇಲೆ ಹಿರಿಯೂರಿನ ಮನೆಯಲ್ಲಿದ್ದೆ. ಅವ್ವ ಹೊರಡಬೇಕೆಂದರೆ ವೀಸಾಕ್ಕೆ ಎಷ್ಟು ದಿನ ಕಾಯಬೇಕೋ ಯಾರಿಗೆ ಗೊತ್ತು. ನನಗೆ ಆ ರಗಳೆ ಇರಲಿಲ್ಲ. ಅಮೆರಿಕದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ದುಡಿದು ಗ್ರೀನ್ ಕಾರ್ಡ್ ಪಡೆದಿದ್ದೆ. ಆ ಕಾರ್ಡು, ಜೊತೆಗೆ ನಮ್ಮ ದೇಶದ ಪಾಸ್‌ಪೋರ್ಟು ಇದ್ದರೆ ಕೆನಡಾಕ್ಕೆ ವೀಸಾ ಬೇಕಿಲ್ಲ.

"ಹಂಗಾರೆ ನಾಳೇನೇ ಹೋಗು ಮಗಾ. ಅವಳ ಕೈ ಹಿಡ್ಕೊಂಡು ಕುಂತ್ಕ, ನಾನೇ ಬಂದಂಗಾತು," ಎಂದಳು ಅವ್ವ.

ಅಕ್ಕ ಫೋನಿನಲ್ಲಿ "ದಿಟವಾಗ್ಲೂ ಬರ್ತೀಯೇನೆ?" ಎಂದು ಮೂರು ಸಲ ಕೇಳಿದಳು. ಸಿರಿಗೆರೆಯ ಹಾಸ್ಟೆಲ್ಲಿನಲ್ಲಿ ನನಗೆ ಜ್ವರ ಬಂದಾಗ ಪರೀಕ್ಷೆ ಬಿಟ್ಟು ಪಕ್ಕದಲ್ಲಿ ಕೂತವಳು ಅವಳು.

ನಮ್ಮ ಮನೆಯಲ್ಲಿ ಪ್ರಯಾಣದ ಹಿಂದಿನ ದಿನ ಪಾಸ್‌ಪೋರ್ಟು ದೇವರ ಮುಂದೆ ಕೂರುತ್ತದೆ. ಅವ್ವ ಅದರ ರಟ್ಟಿಗೆ ವಿಭೂತಿ ಹಚ್ಚುವುದು ಮಾಮೂಲು, ಹಾಗಾಗಿ ಈ ಸಲ ತೆರೆದು ನೋಡದೆ ಬ್ಯಾಗಿಗೆ ಹಾಕಿಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಬೆಂಗಳೂರಿನ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಹುಡುಗಿ ಅದನ್ನು ತೆರೆದಳು. ಫೋಟೋದಲ್ಲಿನ ನನ್ನ ಬೋಳು ಹಣೆಗೆ ಅವ್ವ ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟಿದ್ದಳು. ಅದು ಮುಖಕ್ಕೆಲ್ಲ ಹರಡಿ, ಅಂಚು ಬಿಟ್ಟಿದ್ದ ಪ್ಲಾಸ್ಟಿಕ್ಕಿನೊಳಗೆ ಇಳಿದು, ಕೆಳಗಿನ ಅಕ್ಷರಗಳನ್ನೂ ಮುಚ್ಚಿತ್ತು. ಒರೆಸಲು ಹೋದೆ, ಪ್ಲಾಸ್ಟಿಕ್ಕೇ ಕಿತ್ತು ಬಂತು.

"ಮೇಡಂ, ಪಾಸ್‌ಪೋರ್ಟು ಹಾಳಾಗಿದ್ರೆ ವಿಮಾನ ಹತ್ತಿಸೋಕಾಗಲ್ಲ."

"ನನಗೆ ವೀಸಾನೇ ಬೇಡ ಕಣಮ್ಮ!" ಎಂದು ಕಿರುಚಿದೆ. ಕಾಲಿಗೆ ಬೀಳುವುದೊಂದು ಬಾಕಿ. ಕೊನೆಗೆ ಹಿರಿಯೂರಿನ ಬಸ್ಸು ಹತ್ತಿದೆ.

ತಾನಿಟ್ಟ ಕುಂಕುಮವೇ ಅಡ್ಡ ಬಂತೆಂದು ತಿಳಿದರೆ ಅವ್ವ ಬದುಕುವುದಿಲ್ಲ ಅನ್ನಿಸಿತು. "ಹೊತ್ತು ಮೀರಿ ವಿಮಾನ ತಪ್ಪಿತು," ಎಂದು ಬಾಗಿಲಲ್ಲೇ ಸುಳ್ಳು ಹೇಳಿದೆ.

"ನಾಳೆ ಇನ್ನೊಂದು ಇಲ್ವೇನೆ?"

"ಸೀಟಿಲ್ಲ ಅವ್ವ."

ಅವಳಿಗೆ ಗೊತ್ತಾಗದಂತೆ ಹೊಸ ಪಾಸ್‌ಪೋರ್ಟಿಗೆ ಓಡಾಡಿದೆ. ಅದು ಕೈಗೆ ಬರುವ ಮೊದಲೇ, ನಾಲ್ಕನೇ ದಿನ, ಅಕ್ಕ ಹೋದಳು. ಕೊನೆಯವರೆಗೂ ಬಾಗಿಲ ಕಡೆಗೇ ನೋಡುತ್ತಿದ್ದಳೆಂದು ಭಾವ ಫೋನಿನಲ್ಲಿ ಅತ್ತರು.

ಹೊಸದುರ್ಗದಿಂದ ಚಿಕ್ಕಮ್ಮ ಮಾತಾಡಿಸಿಕೊಂಡು ಹೋಗಲು ಬಂದಳು. ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ.

"ಇವಳಿಗೆ ವೀಸಾನೂ ಬೇಕಿರ್ಲಿಲ್ಲ ಕಣೆ," ಎಂದಳು ಅವ್ವ, ನನಗೆ ಕೇಳಲಿ ಎಂದೇ. "ಕಾರ್ಡು ಐತೆ, ಎಲ್ಲಾ ಐತೆ. ಒಡಹುಟ್ಟಿದೋಳನ್ನ ನೋಡಾಕೆ ಮನಸ್ಸೇ ಬರ್ಲಿಲ್ಲ ಇವಳಿಗೆ."

ಹೊಸ ಪಾಸ್‌ಪೋರ್ಟಿನ ಅರ್ಜಿಗೆಂದು ತೆಗೆದಿದ್ದ, ಕೆಂಪಾದ ಆ ಪುಟದ ಫೋಟೋ ನನ್ನ ಮೊಬೈಲಿನಲ್ಲಿತ್ತು. ಅದನ್ನು ಅಳಿಸಿ, ಇಬ್ಬರಿಗೂ ಚಹಾ ಕೊಟ್ಟೆ.