ನೆಲಬಾಂಬಿನ ಬಯಲಿಗೆ ಇಳಿದವನು

ನಾನು ಸಿದ್ದಾಪುರದ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದಾಗ ನಮ್ಮ ಶಾಖೆಯ ಬಾಗಿಲಲ್ಲಿ ಬಂದೂಕು ಹಿಡಿದು ಕೂರುತ್ತಿದ್ದವರು ಬನವಾಸಿ ಕಡೆಯ ಒಬ್ಬ ಮಾಜಿ ಹವಾಲ್ದಾರರು. ಎಡಗಾಲನ್ನು ತುಸು ಎಳೆದು ನಡೆಯುತ್ತಿದ್ದರು. ಯಾರಾದರೂ ಕೇಳಿದರೆ "ಮಿಲಿಟರಿಯೊಳಗ ಆತ್ರಿ" ಎಂದಷ್ಟೇ ಹೇಳುತ್ತಿದ್ದರು.

ನಮ್ಮ ಮನೆಯಲ್ಲಿ ಬ್ರಿಟಿಷರ ಬಗ್ಗೆ ಒಳ್ಳೆಯ ಮಾತು ಕೇಳಿಯೇ ಗೊತ್ತಿಲ್ಲ. ಕರನಿರಾಕರಣೆಯ ಕಾಲದಲ್ಲಿ ಅಜ್ಜ ಜೈಲಿಗೆ ಹೋಗಿದ್ದರು. ಜಪ್ತಿಗೆ ಬಂದವರು ಹಂಡೆ, ಕೊಪ್ಪರಿಗೆ, ಕರೆಯುವ ಎಮ್ಮೆ ಎಲ್ಲವನ್ನೂ ಒಯ್ದಿದ್ದರು. ಅಜ್ಜನನ್ನು ನಾನು ಕಂಡವನಲ್ಲ. ಆದರೆ ಅವರಿಗೆ ಭಯವೆಂಬುದೇ ಗೊತ್ತಿರಲಿಲ್ಲ ಎಂದು ಕೇಳುತ್ತಲೇ ಬೆಳೆದೆ.

ಇರಾಕಿನ ಯುದ್ಧ ಶುರುವಾದ ದಿನಗಳು. ಊಟದ ಹೊತ್ತಿನಲ್ಲಿ ಪೇಪರು ಓದುತ್ತಿದ್ದೆ. ಬ್ರಿಟಿಷ್ ಸೈನಿಕರ ಫೋಟೊ ಬಂದಿತ್ತು. "ಇವರಿಗೆ ಕಂಡವರ ನೆಲದ ಮೇಲೆ ಕಾಲಿಡುವ ಚಟ ಇನ್ನೂ ಹೋಗಿಲ್ಲ ನೋಡಿ" ಎಂದೆ. ಹವಾಲ್ದಾರರು ಡಬ್ಬಿಯ ಮುಚ್ಚಳ ಹಾಕಿ ಹೇಳಿದರು.

"ಕಳಿಸಿದವರ ಮಾತು ಬ್ಯಾರೆ ಸರ, ಹೋದವನ ಮಾತು ಬ್ಯಾರೆ. ನಾ ಇವತ್ತ ಇಲ್ಲಿ ಕುಂತು ರೊಟ್ಟಿ ತಿನ್ನಾಕತ್ತೀನಿ ಅಂದ್ರ ಅಂಥವನೊಬ್ಬನಿಂದ."

ಆಮೇಲೆ ತಾವಾಗಿಯೇ ಎಲ್ಲ ಹೇಳಿದರು. ಏಳೆಂಟು ವರ್ಷದ ಹಿಂದೆ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಆಫ್ರಿಕಾದ ಒಂದು ದೇಶಕ್ಕೆ ಹೋಗಿದ್ದರಂತೆ. ಅಲ್ಲಿ ಕೆಟ್ಟು ನಿಂತ ಲಾರಿಗೆ ನೀರು ತರಲೆಂದು ರಸ್ತೆ ಬಿಟ್ಟು ಹುಲ್ಲುಬಯಲಿಗೆ ಇಳಿದಾಗ ಕಾಲಡಿ ನೆಲಬಾಂಬು ಸಿಡಿಯಿತು. ಎಡಪಾದದ ಮುಂಭಾಗ ಹೋಯಿತು. ಬಯಲಿನಲ್ಲಿ ಇನ್ನೆಷ್ಟು ಹುಗಿದಿದ್ದಾರೋ ಯಾರಿಗೂ ತಿಳಿಯದು. ರಸ್ತೆಯಲ್ಲಿದ್ದ ಜೊತೆಗಾರರು ಹತ್ತಿರ ಬರುವಂತಿರಲಿಲ್ಲ. ಪಕ್ಕದ ಶಿಬಿರದಲ್ಲಿದ್ದ ಬ್ರಿಟಿಷ್ ಪಡೆಗೆ ಸುದ್ದಿ ಹೋಯಿತು. ಅಲ್ಲಿಂದ ಬಂದವನು ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ. ಹೊಟ್ಟೆಯ ಮೇಲೆ ಮಲಗಿ, ತೆಳ್ಳನೆಯ ಸರಳಿನಿಂದ ಮುಂದಿನ ಮಣ್ಣನ್ನು ಓರೆಯಾಗಿ ಚುಚ್ಚಿ ನೋಡಿ, ಗೇಣು ಗೇಣು ತೆವಳಿಕೊಂಡು ಬಂದ.

"ನಾ ಅವನ ಕೈ ನೋಡಕೋಂತ ಬಿದ್ದಿದ್ದೆ. ನಡಗತಿತ್ತು ಸರ. ನಡುಗಿದಾಗ ಚುಚ್ಚೋದು ನಿಲ್ಲಿಸ್ತಿದ್ದ. ಕೈ ನೆಟ್ಟಗಾಗೋ ತನಕ ಕಾಯ್ತಿದ್ದ. ಮತ್ತ ಚುಚ್ಚತಿದ್ದ. ಎರಡು ಬಾಂಬು ಸಿಕ್ಕವು, ಬಗಲಾಗ ಗುರುತು ಇಟ್ಟು ದಾಟಿ ಬಂದ, ಅದ ದಾರೀಲೆ ನನ್ನ ಎಳಕೊಂಡು ಹೊರಗ ತಂದ. ನಡುವ ವಾಪಸ್ ಹೋಗಿದ್ರ ಯಾರೂ ಏನೂ ಅಂತಿರಲಿಲ್ಲ."

ಪೇಪರು ಮಡಿಚಿಟ್ಟು ಕೌಂಟರಿಗೆ ಹೋದೆ. ಆ ಯುದ್ಧದ ಬಗ್ಗೆ ನನ್ನ ಅಭಿಪ್ರಾಯ ಅಂದೂ ಬದಲಾಗಲಿಲ್ಲ, ಇಂದಿಗೂ ಬದಲಾಗಿಲ್ಲ. ಆದರೆ ಆ ಫೋಟೊದಲ್ಲಿದ್ದವರ ಮುಖಗಳನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ ಎನ್ನಿಸಿತು.

ಆ ವರ್ಷದ ನವೆಂಬರಿನಲ್ಲಿ ಅಮ್ಮಮ್ಮನನ್ನು ಬ್ಯಾಂಕಿಗೆ ಕರೆದುಕೊಂಡು ಬಂದೆ. ಅಜ್ಜನ ಹೆಸರಿನ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಅವಳಿಗೆ ಬರುತ್ತಿತ್ತು. ವರ್ಷಕ್ಕೊಮ್ಮೆ ಖುದ್ದಾಗಿ ಬಂದು, ಬದುಕಿದ್ದೇನೆಂಬ ಪತ್ರಕ್ಕೆ ಸಹಿ ಹಾಕಬೇಕಿತ್ತು. ಮ್ಯಾನೇಜರು ಬರುವವರೆಗೆ ಹವಾಲ್ದಾರರ ಪಕ್ಕದ ಬೆಂಚಿನಲ್ಲಿ ಕೂರಿಸಿದೆ.

"ಕಾಲಿಗೆ ಎಂತ ಆಗಿದ್ದು?" ಎಂದು ಅವಳು ಕೇಳಿದಳು.

ನಾನು ಗಾಬರಿಯಾದೆ. ಹವಾಲ್ದಾರರು ಮಾತ್ರ ನನಗೆ ಹೇಳಿದ್ದನ್ನೇ ಮೊದಲಿನಿಂದ ಹೇಳಿದರು, ಬ್ರಿಟಿಷ್ ಹುಡುಗ ಎಂಬುದನ್ನೂ ಮುಚ್ಚಿಡಲಿಲ್ಲ. ಅಮ್ಮಮ್ಮ ಕಣ್ಣು ಕಿರಿದು ಮಾಡಿ ಕೇಳಿದಳು. ಕೈ ನಡುಗಿದ ಮಾತು ಬಂದಾಗ ತಲೆದೂಗಿದಳು.

ಮನೆಗೆ ಹೋಗುವ ಬಸ್ಸಿನಲ್ಲಿ ಅವಳೇ ಮಾತು ತೆಗೆದಳು. "ನಿನ್ನ ಅಜ್ಜ ಹೆದರಿದ್ನೇ ಇಲ್ಲೆ ಹೇಳಿ ಎಲ್ಲರೂ ಹೇಳ್ತ. ಜಪ್ತಿ ದಿನ ಆನು ಹಿಂದೇ ನಿಂತಿದ್ದೆ. ಅವನ ಕೈ ನಡುಗ್ತಿತ್ತು. ಕಾಣದಿರಲಿ ಹೇಳಿ ಪಂಚೆ ಮಡಿಕೆಲಿ ಹುಗ್ಸಿಟ್ಗಂಡಿದ್ದ. ಆದ್ರೂ ಬಾಗ್ಲ ಬಿಟ್ಟು ಸರಿದ್ನಿಲ್ಲೆ."

"ಇಷ್ಟು ವರ್ಷ ಹೇಳಿದ್ದೇ ಇಲ್ಯಲೆ?"

"ಹೇಳಿದ್ರೆ ಅವ ಸಣ್ಣವ ಆಗ್ತ ಹೇಳಿ ತಿಳ್ಕಂಡಿದ್ದೆ. ಇಂದು ಹಾಂಗೆ ಕಂಡಿದ್ದಿಲ್ಲೆ."

ಜಪ್ತಿಗೆ ಬಂದವರಲ್ಲಿ ಬಿಳಿಯ ಒಬ್ಬನೇ ಇದ್ದ, ಹಂಡೆ ಹೊತ್ತವರೆಲ್ಲ ನಮ್ಮ ಸೀಮೆಯವರೇ ಎಂದೂ ಹೇಳಿದಳು. ಅದೂ ನನಗೆ ಹೊಸದು.

ಮರುವಾರ ಹವಾಲ್ದಾರರು ಆ ಬ್ರಿಟಿಷ್ ಹುಡುಗನಿಗೆ ಒಂದು ಪತ್ರ ಬರೆದುಕೊಡಿ ಎಂದರು. ಅವನ ಹೆಸರಿನ ಮೊದಲ ಭಾಗ, ಶಿಬಿರವಿದ್ದ ಊರು, ಇಷ್ಟೇ ಅವರಿಗೆ ಗೊತ್ತಿದ್ದದ್ದು. ಏನು ಬರೆಯಲಿ ಎಂದು ಕೇಳಿದೆ. "ನಡೀತೀನಿ ಅಂತ ಬರೀರಿ. ಮಗಳ ಲಗ್ನ ಆತು, ಚಪ್ಪರದಾಗ ನಾನ ಓಡಾಡಿದೆ ಅಂತ ಬರೀರಿ." ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ದೆಹಲಿಯ ಬ್ರಿಟಿಷ್ ಹೈಕಮಿಷನ್ ಕಚೇರಿಗೆ ಕಳಿಸಿದೆವು.

ಮೂರು ತಿಂಗಳಿಗೆ ಎರಡು ಸಾಲಿನ ಉತ್ತರ ಬಂತು: ನಿಮ್ಮ ಪತ್ರವನ್ನು ಸಂಬಂಧಪಟ್ಟ ಪಡೆಗೆ ಕಳಿಸಿದ್ದೇವೆ. ಓದಿ ಅರ್ಥ ಹೇಳಿದೆ. ಮುಂದೆ ಯಾವ ಸುದ್ದಿಯೂ ಬರಲಿಲ್ಲ. ಹುಡುಗ ಸಿಕ್ಕಿದನೋ, ಬದುಕಿದ್ದನೋ ತಿಳಿಯಲಿಲ್ಲ.

ನನಗೆ ಯಲ್ಲಾಪುರಕ್ಕೆ ವರ್ಗವಾಗುವ ಮುನ್ನ ಒಮ್ಮೆ ಕೇಳಿದೆ, "ಬೇಜಾರಾಗಲಿಲ್ವಾ, ಅವನಿಂದ ಉತ್ತರ ಬರಲಿಲ್ಲ ಅಂತ?"

"ಬೇಜಾರ ಯಾಕ್ರಿ?" ಎಂದರು ಹವಾಲ್ದಾರರು. "ಅಂವಾ ಉತ್ತರಕ್ಕ ಕಾಯ್ಕೋಂತ ಆ ಕೆಲಸ ಮಾಡಿದ್ನ?" ಅಷ್ಟರಲ್ಲಿ ಮುದುಕರೊಬ್ಬರು ಪಾಸ್‌ಬುಕ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಹವಾಲ್ದಾರರು ಎದ್ದು ಹೋಗಿ ಅವರಿಗೆ ಬಾಗಿಲು ತೆರೆದರು.