ಸೀಸ ಇಳಿಸುವ ಹಾಲು

ಕಳೆದ ವಾರ ತಿಕೋಟಾದಿಂದ ಬರುವಾಗ ಇಬ್ರಾಹಿಂಪುರದ ಹತ್ತಿರ ನನ್ನ ಕಾರು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಬ್ಯಾಟರಿ ಖಲ್ಲಾಸ್. ಹಳೇ ಬ್ಯಾಟರಿ ರಿಪೇರಿ ಮಾಡುವ ಶೆಡ್ಡಿನವರೆಗೆ ತಳ್ಳಿಸಿಕೊಂಡು ಹೋದೆ. (ತಳ್ಳಿದವರು ದಾರಿಹೋಕರು. ನಾನು ಸ್ಟಿಯರಿಂಗ್ ಹಿಡಿದು ಹುರಿದುಂಬಿಸಿದೆ.)

ಅಲ್ಲಿ ಮೆಹಬೂಬ್ ಅಂತ ಒಬ್ಬ. ಹಳೇ ಬ್ಯಾಟರಿ ಒಡೆದು, ಒಳಗಿನ ಸೀಸವನ್ನು ಭಟ್ಟಿಯಲ್ಲಿ ಕರಗಿಸುವ ಕೆಲಸ. ಊಟದ ಡಬ್ಬಿ ತೆರೆದು ಇನ್ನೇನು ರೊಟ್ಟಿ ಮುರಿಯಬೇಕು, ಅವನ ಹೆಂಡತಿ ಶಮಶಾದ್ ಪ್ರತ್ಯಕ್ಷ! ಡಬ್ಬಿಯನ್ನೇ ಕಸಿದುಕೊಂಡಳು.

"ಕೈ ತೊಳಿ ಮೊದಲ!"

ನನಗೆ ನಗು ಬಂತು.

"ನಗಬ್ಯಾಡ್ರಿ ಸಾಹೇಬ್ರ. ಪಂಜಾ ಹಿಡದ್ರ ಇಡೀ ಗಲ್ಲಿಯೊಳಗ ಇಂವನ್ನ ಸೋಲಿಸಾಂವ ಇರಲಿಲ್ಲ. ಈಗ ಉಪ್ಪಿನಕಾಯಿ ಭರಣಿ ಮುಚ್ಚಳ ತೆಗ್ಯಾಕ ನನ್ನ ಕರೀತಾನ!"

ಮೆಹಬೂಬ್ ನಾಚಿ ತಲೆ ತಗ್ಗಿಸಿದ. ಹೊಟ್ಟೆನೋವು ಬೇರೆ. ದೃಷ್ಟಿ ತಾಗಿದೆಯೆಂದು ಮೆಣಸಿನಕಾಯಿ ನಿವಾಳಿಸಿದ್ದೂ ಆಯಿತಂತೆ. ಕೊನೆಗೆ ಡಾಕ್ಟರು ಕೇಳಿದ್ದು, ಏನು ಕೆಲಸ ಮಾಡ್ತೀಯಪ್ಪಾ ಅಂತ. ರಕ್ತ ಪರೀಕ್ಷೆ ಮಾಡಿಸಿದರೆ ಸೀಸ. ಪುಟ್ಟ ಮಗಳ ರಕ್ತದಲ್ಲೂ ಸೀಸ! ಸಂಜೆ ಮನೆಗೆ ಹೋದವನು ಭಟ್ಟಿಯ ಧೂಳು ಮೆತ್ತಿದ ಅದೇ ಅಂಗಿಯಲ್ಲಿ ಮಗಳನ್ನು ಎತ್ತಿಕೊಳ್ಳುತ್ತಿದ್ದ.

ಗದ್ದಲ ಕೇಳಿ ಮಾಲೀಕರು ಹೊರಬಂದರು. "ದಿನಾ ಹಾಲು, ಬೆಲ್ಲ ಕೊಡ್ತೀನಲ್ಲವಾ? ಸೀಸ ಇಳಿತೈತಿ."

"ಹಾಲಿಗೆ ಸೀಸ ಇಳಿಯೂದಿದ್ರ ಎಮ್ಮೀನ ಡಾಕ್ಟರ್ ಮಾಡ್ತಿದ್ರು! ಈ ಭಟ್ಟಿ ಬಂದ್ ಮಾಡ್ರಿ."

"ಇಂವ ಬಿಟ್ರ ಬ್ಯಾರೆ ಮಂದಿ ಸಿಗ್ತಾರ ನನಗ."

ನಿಜ, ಸಿಗುತ್ತಾರೆ. ಯಾರು? ಆಗಲೇ ಅಲ್ಲಿ ದುಡಿಯುತ್ತಿದ್ದ ದಸ್ತಗೀರ್, ಲಾಲಸಾಬ್, ಮೌಲಾಸಾಬ್ ಅವರಂಥವರೇ. ಇಂಥ ಕೆಲಸಕ್ಕೆ ಯಾವಾಗಲೂ ಅದೇ ಗಲ್ಲಿಯವರು. (ನಮ್ಮ ಪೈಕಿ ಯಾರಾದರೂ ಮಗನ ಬಯೋಡೇಟಾ ಕಳಿಸಿದ್ದೇವಾ?)

ಅಷ್ಟರಲ್ಲಿ ಪಕ್ಕದಲ್ಲಿ ಬ್ಯಾಟರಿ ಒಡೆಯುತ್ತಿದ್ದ ದಸ್ತಗೀರ್ ಸುತ್ತಿಗೆ ಕೆಳಗಿಟ್ಟ.

"ನನಗೂ ಹೊಟ್ಟಿ ನೋಯಾಕತ್ತೈತಿ," ಅಂದವನೇ ನಲ್ಲಿಯ ಕಡೆ ನಡೆದ. ಹಿಂದೆಯೇ ಲಾಲಸಾಬ್. ಅವನ ಹಿಂದೆ ಉಳಿದವರೆಲ್ಲ. ಕೈ ತೊಳೆಯಲು ಮದುವೆ ಊಟದಷ್ಟು ಪಾಳಿ! ತೊಳೆದವರು ಯಾರೂ ಮತ್ತೆ ಸುತ್ತಿಗೆ ಮುಟ್ಟಲಿಲ್ಲ.

ಮಾಲೀಕರು ಒಡೆಯದ ಬ್ಯಾಟರಿಗಳ ರಾಶಿ ನೋಡಿದರು. ಶಮಶಾದಳನ್ನು ನೋಡಿದರು. ಭಟ್ಟಿ ಆರಿಸಿದರು.

ನಿನ್ನೆ ಹೋಗಿದ್ದೆ. ಭಟ್ಟಿಯ ಜಾಗ ಖಾಲಿ. ಹಳೇ ಬ್ಯಾಟರಿಗಳು ಈಗ ಇಡಿಯಾಗಿಯೇ ದೊಡ್ಡ ಕಾರ್ಖಾನೆಗೆ ಹೋಗುತ್ತವಂತೆ. ಮೆಹಬೂಬ್ ಚಾರ್ಜಿಂಗ್ ಕೌಂಟರಿನಲ್ಲಿದ್ದಾನೆ. ಸೀಸದಿಂದ ಸೋತ ಮಣಿಕಟ್ಟು ಇನ್ನೂ ಪೂರ್ತಿ ಮೇಲೇಳುತ್ತಿಲ್ಲ. ಮಗಳಿಗೆ ಚಿಕಿತ್ಸೆ ನಡೆದಿದೆ.

ಹೊರಡುವಾಗ ಮಾಲೀಕರು ನನ್ನ ಕಿವಿಯಲ್ಲಿ ಗೊಣಗಿದರು. "ಇಷ್ಟ ವರ್ಷ ಯಾರಿಗೂ ಏನೂ ಆಗಿರಲಿಲ್ಲ ನೋಡ್ರಿ."

ಆಗಿರಲಿಲ್ಲವೋ, ಯಾರೂ ಕೇಳಿರಲಿಲ್ಲವೋ?