ಪುಣಜನೂರಿನ ಬಂಗಲೆ ಗೋಡೆ

ತೊಂಬತ್ತರ ದಶಕದಲ್ಲಿ ನಾನು ಚಾಮರಾಜನಗರದಲ್ಲಿ ಕಿರಿಯ ಇಂಜಿನಿಯರ್ ಆಗಿದ್ದೆ. ಪುಣಜನೂರಿನ ಹತ್ತಿರ ಇಂಗ್ಲಿಷ್ ದೊರೆಯೊಬ್ಬ ಕಟ್ಟಿಸಿದ್ದ ಹಳೇ ಬಂಗಲೆಯನ್ನು ನೋಡಿ ವರದಿ ಕೊಡಬೇಕಿತ್ತು. ಮುಂದಿನ ಗೋಡೆಯಲ್ಲಿ ಅಂಗೈ ತೂರುವಷ್ಟು ಬಿರುಕು. ಕೆಡವುವುದೇ ವಾಸಿ ಎಂದು ಬರೆದೆ.

ಬಂಗಲೆಯ ದುರಸ್ತಿ ನೋಡಿಕೊಳ್ಳುತ್ತಿದ್ದ ಮುದಿ ಬಡಗಿ ಮಾದಪ್ಪ ಅದನ್ನು ಕೇಳಿದವನೇ, ಹಾರೆ ತಂದು ಒಳಗಿನಿಂದ ಆ ಗೋಡೆಯನ್ನೇ ಮೀಟತೊಡಗಿದ. ಒಳಗೆ ಕಾವಲುಗಾರನ ಹೆಂಡತಿ ಅಡುಗೆ ಮಾಡುತ್ತಿದ್ದಳು.

“ನಿಲ್ಸಯ್ಯಾ! ಒಳಗೆ ಹೆಂಗಸಿದ್ದಾಳೆ!” ಎಂದು ಕಿರುಚಿದೆ.

ಗೋಡೆ ದಡಾರನೆ ಹೊರಕ್ಕೆ ಬಿತ್ತು. ನಾನು ತಲೆ ಮುಚ್ಚಿಕೊಂಡು ಅಂಗಳದಾಚೆಗೆ ಓಡಿದೆ. ಆದರೆ ಮೇಲಿನಿಂದ ಒಂದು ಹೆಂಚೂ ಬೀಳಲಿಲ್ಲ! ಧೂಳು ಇಳಿದಾಗ ನೋಡಿದರೆ, ತೇಗದ ಕಂಬ, ತೊಲೆಗಳು ಒಂದಕ್ಕೊಂದು ಕಚ್ಚಿಕೊಂಡು ಚಾವಣಿಯನ್ನು ಹೊತ್ತು ನಿಂತಿದ್ದವು.

“ಎದರ್ಕಬ್ಯಾಡಿ ಸಾ,” ಎಂದ ಮಾದಪ್ಪ. “ಗೋಡೆ ಬರೀ ಗಾಳಿ ತಡೆಯಾಕೆ ಮೆತ್ತಿರೋ ಮಣ್ಣು. ನಾನೇ ಎರಡು ಸಲ ಬದಲಾಯ್ಸಿವ್ನಿ. ಮನೆ ಒತ್ಕಂಡಿರೋದು ಮರ ಕಣಿ.”

ಒಲೆಯ ಮುಂದಿದ್ದ ಹೆಂಗಸು ಅಲ್ಲಿಂದಲೇ ಕೇಳಿದಳು: “ನೀರ್ ಕೊಡ್ಲಾ ಬುದ್ದಿ?”

ಅಲ್ಲೇ ಕೂತು, ಕೆಡವುವುದು ಬೇಡವೆಂದು ಬೇರೆ ವರದಿ ಬರೆದೆ. ಕೈ ಎಷ್ಟು ನಡುಗುತ್ತಿತ್ತೆಂದರೆ, ಸಹಿ ನನ್ನದಲ್ಲವೆಂದು ಕಚೇರಿಯವರು ಅದನ್ನು ವಾಪಸು ಕಳಿಸಿದರು.